ಸೇತುವೆ ಕೆಳಗಿನ ಮಕ್ಕಳು ನಮ್ಮ ಬಾಲವಾಡಿಗೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾವು ನಾಲ್ಕು ಜನ ಕನ್ನಡದ ಹೆಂಗಸರು ಸೇರಿ ಪುಣೆಯ ಹಡಪ್ಸರ್ ಕಡೆ ಒಂದು ಚಿಕ್ಕ ಬಾಲವಾಡಿ ನಡೆಸುತ್ತಿದ್ದೇವೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ. ಈಗ 22 ಮಕ್ಕಳಿದ್ದಾರೆ, ಎಲ್ಲರೂ ಹತ್ತಿರದ ವಸ್ತಿಯವರು, ಅಂದರೆ ಕೊಳೆಗೇರಿಯವರು. ಹತ್ತು ನಿಮಿಷ ನಡೆದರೆ ಒಂದು ಫ್ಲೈಓವರ್ ಸಿಗುತ್ತದೆ. ಅದರ ಕೆಳಗೆ ಒಂಬತ್ತು ಕುಟುಂಬಗಳಿವೆ. ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರೇ ಜಾಸ್ತಿ. ಆರು ವರ್ಷದೊಳಗಿನ ಮಕ್ಕಳು 14 ಇದ್ದಾರೆ. ಮೂರು ಸಲ ಹೋಗಿ ಕರೆದೆವು. ಐದು ಮಕ್ಕಳು ಎರಡು ದಿನ ಬಂದು ನಿಂತುಬಿಟ್ಟರು. ‘ಅವರಿಗೆ ಕಲಿಸೋ ಮನಸ್ಸಿಲ್ಲ, ಮಕ್ಕಳನ್ನ ಸಿಗ್ನಲ್‌ನಲ್ಲಿ ಭಿಕ್ಷೆಗೆ ಕಳಿಸ್ತಾರೆ’ ಅಂತ ನಮ್ಮವರೇ ಹೇಳುತ್ತಾರೆ. ಬೇರೆ ಪಾಲಕರು ಹೇನು, ಕಜ್ಜಿ ಅಂತ ಗೊಣಗುತ್ತಾರೆ. ಮಕ್ಕಳ ಹತ್ತಿರ ಒಂದು ಕಾಗದವೂ ಇಲ್ಲ, ಸೇರಿಸಿಕೊಂಡರೆ ನಮಗೆ ತೊಂದರೆ ಆಗುತ್ತದಾ? ಮಕ್ಕಳ ಸಹಾಯವಾಣಿ 1098ಗೆ ಫೋನ್ ಮಾಡಬೇಕಾ, ಮಾಡಿದರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರಾ? ಮೂರು ತಿಂಗಳಿಗೆ ಊರಿಗೆ ಹೋಗಿಬಿಡುವವರಿಗಾಗಿ ಇಷ್ಟೆಲ್ಲ ಮಾಡಿ ಪ್ರಯೋಜನ ಇದೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದು ಇವೆ, ಆದರೆ ಒಳಗಿನ ಚಿಂತೆ ಒಂದೇ ಅನ್ನಿಸಿತು. ಕರೆದರೂ ಬರುತ್ತಿಲ್ಲ ಅಂದರೆ ಅವರಿಗೇ ಬೇಡವಾ, ಇಲ್ಲ ನಾವು ಎಲ್ಲೋ ಎಡವುತ್ತಿದ್ದೇವಾ? ಇಪ್ಪತ್ತು ವರ್ಷಕ್ಕೂ ಜಾಸ್ತಿ ಪುಣೆಯಲ್ಲಿ ಇಂಥ ಮಕ್ಕಳ ಜೊತೆ ಕೆಲಸ ಮಾಡಿದ್ದೇನೆ, ಮೊದಲು ಕಟ್ಟಡದ ಸೈಟುಗಳಲ್ಲಿ, ಆಮೇಲೆ ಫುಟ್‌ಪಾತಿನಲ್ಲಿ. ಮಗು ಕಲಿಯುವುದು ಬೇಡ ಅನ್ನುವ ತಾಯಿ ನನಗೆ ಸಿಕ್ಕಿದ್ದು ತೀರಾ ಅಪರೂಪ. ಹತ್ತರಿಂದ ಒಂದು ಗಂಟೆಯ ಬಾಲವಾಡಿಗೆ ಮಗುವನ್ನು ಕಳಿಸಲು ಆಗದ ತಾಯಂದಿರು ಮಾತ್ರ ದಿನಾ ಸಿಕ್ಕಿದ್ದಾರೆ.

ಅವರ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಐದಕ್ಕೇ ಏಳಬೇಕು, ಜನ ಓಡಾಡುವ ಮೊದಲೇ ಬಯಲಿಗೆ ಹೋಗಿ ಬರಬೇಕಲ್ವಾ. ಏಳೂವರೆಗೆ ನಾಕಾದಲ್ಲಿ, ಅಂದರೆ ಕೂಲಿಗಾಗಿ ಜನ ಸೇರುವ ಚೌಕದಲ್ಲಿ, ನಿಂತಿರಬೇಕು. ಮೇಸ್ತ್ರಿ ಬಂದು ಗಂಡ ಹೆಂಡತಿಯನ್ನು ಜೋಡಿಯಾಗಿ ಕರೆದುಕೊಂಡು ಹೋಗುತ್ತಾನೆ, ಅವನು ಗಾರೆ ಕೆಲಸದ ಗೌಂಡಿ, ಇವಳು ಸಾಮಾನು ಹೊರುವ ಬಿಗಾರಿ. ವಾಪಸ್ ಬರುವುದು ಸಂಜೆ ಆರೂವರೆ ಏಳಕ್ಕೆ. ನಿಮ್ಮ ಬಾಲವಾಡಿ ತೆರೆಯುವ ಹೊತ್ತಿಗೆ ತಾಯಿ ಹೋಗಿ ಎರಡು ಗಂಟೆ ದಾಟಿರುತ್ತದೆ. ಮುಚ್ಚುವ ಹೊತ್ತಿಗೆ ಅವಳು ಯಾವುದೋ ನಾಲ್ಕನೇ ಮಹಡಿಗೆ ಮರಳು ಹೊರುತ್ತಿರುತ್ತಾಳೆ. ವಸ್ತಿಯ ಮಗುವನ್ನು ಒಂದು ಗಂಟೆಗೆ ಕರೆದುಕೊಂಡು ಹೋಗಲು ಅಜ್ಜಿ ಇದ್ದಾಳೆ, ಪಕ್ಕದ ಮನೆಯವರಿದ್ದಾರೆ. ಫ್ಲೈಓವರ್ ಕೆಳಗೆ ಯಾರಿದ್ದಾರೆ? ನಿಮ್ಮ ಐದು ಮಕ್ಕಳು ಬಂದ ಆ ಎರಡು ದಿನ ತಾಯಂದಿರಿಗೆ ಕೆಲಸ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ಕೇಳಿ ನೋಡಿ.

ಇನ್ನೊಂದು ಕಾರಣ ನನಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು. ನಾನು ಹೋಗುತ್ತಿದ್ದ ಒಂದು ಸೇತುವೆಯ ಕೆಳಗೆ ಐದು ವರ್ಷದ ಒಬ್ಬ ಹುಡುಗ ಹಗಲೆಲ್ಲ ಒಂದೇ ಕಡೆ ಕೂತಿರುತ್ತಿದ್ದ. ಕರೆದರೆ ನಗುತ್ತಿದ್ದ, ಏಳುತ್ತಿರಲಿಲ್ಲ. ಕಾಲಿಗೆ ಏನೋ ಆಗಿರಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಅವನ ಅವ್ವ ಹೇಳಿದಳು: “ಅಂವ ಬಂದ್ರ ಗಂಟ ಯಾರ್ ಕಾಯ್ತಾರ‍್ರೀ ಅಕ್ಕಾರ? ಗಾಡಿ ಬಂದ್ರ ಎಲ್ಲಾ ಎತ್ತಿ ಒಗದು ಹೋಗ್ತೈತಿ.” ಗಾಡಿ ಅಂದರೆ ಪಾಲಿಕೆಯ ತೆರವಿನ ಗಾಡಿ. ಅವನ ಹಿಂದೆ ಒಂದು ಸೀರೆಯ ಗಂಟು ಇತ್ತು. ಎರಡು ಪಾತ್ರೆ, ಹಾಸಿಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರೇಷನ್ ಕಾರ್ಡ್, ಒಂದು ಫೋಟೋ. ಆ ಮನೆಯ ಬಾಗಿಲು, ಬೀಗ, ಕಾವಲುಗಾರ ಎಲ್ಲ ಆ ಹುಡುಗನೇ. ಮುಂದಿನ ವಾರ ನಾವು ಒಂದು ಕಬ್ಬಿಣದ ಟ್ರಂಕ್ ತಂದು ನಮ್ಮ ಕೋಣೆಯಲ್ಲಿಟ್ಟು, ಬೀಗದ ಕೈ ಅವಳ ಕೈಗೇ ಕೊಟ್ಟೆವು. ಎರಡನೇ ದಿನವೇ ಹುಡುಗ ಬಂದ. ಮೂರು ವರ್ಷ ನಾವು ಹೊತ್ತುಕೊಂಡು ತಿರುಗಿದ ಚಾರ್ಟು, ಬಣ್ಣದ ಪೆನ್ಸಿಲ್ ಮಾಡದ ಕೆಲಸವನ್ನು ಆ ಟ್ರಂಕ್ ಮಾಡಿತು.

ಕಂಕುಳಲ್ಲಿರುವ ತಮ್ಮನ ವಿಷಯವೂ ಹೀಗೆಯೇ. ಐದು ವರ್ಷದ ಅಕ್ಕ ಬರಬೇಕು ಅಂದರೆ ಒಂಬತ್ತು ತಿಂಗಳ ತಮ್ಮನೂ ಬರಲೇಬೇಕು. ‘ಮೂರು ವರ್ಷ ತುಂಬಿದವರಿಗೆ ಮಾತ್ರ’ ಅಂತ ನೀವು ನಿಯಮ ಇಟ್ಟಿದ್ದರೆ ಆ ಹುಡುಗಿಗೂ ನಿಮ್ಮ ಬಾಗಿಲು ಮುಚ್ಚಿದ ಹಾಗೆಯೇ. ಕೂಸನ್ನೂ ಕರೆದುಕೊಳ್ಳುವುದಾದರೆ ಅದು ಮಲಗಲು ಬಟ್ಟೆಯ ಒಂದು ಜೋಲಿ ಬೇಕು, ಹಾಲು ಕುದಿಸಲು ಪಾತ್ರೆ ಬೇಕು, ಬರೀ ಕೂಸುಗಳನ್ನೇ ನೋಡಿಕೊಳ್ಳುವ ಒಬ್ಬ ಹೆಂಗಸು ಬೇಕು. ಇದು ಸಣ್ಣ ಖರ್ಚಲ್ಲ, ಗೊತ್ತು. ಆದರೆ 14 ಮಕ್ಕಳಲ್ಲಿ ಎಷ್ಟು ಹುಡುಗಿಯರ ಕಂಕುಳಲ್ಲಿ ಕೂಸು ಇದೆ ಅಂತ ಒಮ್ಮೆ ಎಣಿಸಿ ನೋಡಿ. ಆಮೇಲೆ ತೀರ್ಮಾನ ಮಾಡಿ.

ಭಯದ ಮಾತೂ ಹೇಳಬೇಕು. ಭಿಕ್ಷೆ ಬೇಡುವುದನ್ನು ಅಪರಾಧ ಅನ್ನುವ 1959ರ ಬಾಂಬೆ ಕಾನೂನು ಮಹಾರಾಷ್ಟ್ರದಲ್ಲಿ ಇನ್ನೂ ಇದೆ. ದೆಹಲಿ ಹೈಕೋರ್ಟ್ 2018ರಲ್ಲಿ ಅದರ ಮುಖ್ಯ ಭಾಗಗಳನ್ನು ತನ್ನ ವ್ಯಾಪ್ತಿಯಲ್ಲಿ ತೆಗೆದುಹಾಕಿತು, ನಮ್ಮಲ್ಲಿ ಹಾಗೆ ಆಗಿಲ್ಲ. ಆ ಕಾನೂನಿನಲ್ಲಿ ಹಿಡಿದುಕೊಂಡು ಹೋಗುವುದೂ ಇದೆ, ವರ್ಷಗಟ್ಟಲೆ ಕೂಡಿಹಾಕುವುದೂ ಇದೆ. ಹೀಗಾಗಿ ಜೀಪ್ ನಿಂತರೆ, ಕೈಯಲ್ಲಿ ರಿಜಿಸ್ಟರ್ ಹಿಡಿದ ಯಾರಾದರೂ ಇಳಿದರೆ, ಮಕ್ಕಳು ಕಂಬದ ಹಿಂದೆ ಓಡುತ್ತಾರೆ. ನೀವು ಮೂರು ಸಲ ಹೋದಾಗ ಕೈಯಲ್ಲಿ ಪುಸ್ತಕ ಇತ್ತಾ? ಹೆಸರು, ವಯಸ್ಸು, ಊರು ಬರೆದುಕೊಂಡಿರಾ? ಹರಣಶಿಕಾರಿ, ಪಾರ್ಧಿಯಂಥ ಅಲೆಮಾರಿ ಸಮುದಾಯಗಳ ಕುಟುಂಬಗಳಾದರೆ ಈ ಭಯ ಇನ್ನೂ ಹಳೆಯದು. ಬ್ರಿಟಿಷರು 1871ರಲ್ಲಿ ಶುರು ಮಾಡಿದ ಕಾನೂನು ಮುಂದೆ ಅವರ ಜಾತಿಯನ್ನೇ ಕಳ್ಳರ ಪಟ್ಟಿಗೆ ಸೇರಿಸಿತ್ತು. 1952ರಲ್ಲಿ ಅದು ರದ್ದಾಯಿತು, ಆದರೆ ಜನ ನೋಡುವ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ.

ಭಿಕ್ಷೆಯ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ನಾಕಾದಲ್ಲಿ ಕೆಲಸ ಸಿಗದ ದಿನ, ಮಳೆ ಬಂದ ವಾರ, ಕೆಲವರು ಮಕ್ಕಳನ್ನು ಸಿಗ್ನಲ್‌ಗೆ ಕಳಿಸುತ್ತಾರೆ. ಆದರೆ ‘ಮನಸ್ಸಿಲ್ಲ’ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಬಾಲವಾಡಿಯಲ್ಲಿ ಎರಡು ಹೊತ್ತು ಹೊಟ್ಟೆ ತುಂಬ ಊಟ ಸಿಗುತ್ತದೆ, ಸಂಜೆವರೆಗೆ ಮಗು ಸುರಕ್ಷಿತವಾಗಿರುತ್ತದೆ ಅಂತ ಗೊತ್ತಾದ ಮೇಲೆ ಸಿಗ್ನಲ್‌ನಿಂದ ಮಕ್ಕಳನ್ನು ತಾವೇ ಕರೆತಂದು ಬಿಟ್ಟುಹೋದ ತಾಯಂದಿರನ್ನು ನಾನು ನೋಡಿದ್ದೇನೆ.

ಈಗ ಕಾಗದದ ವಿಷಯ. ನಿಮ್ಮದು ಖಾಸಗಿಯಾಗಿ ನಡೆಸುವ ಬಾಲವಾಡಿ. ಮೂರು ವರ್ಷದ ಮಗುವನ್ನು ಆಧಾರ್ ಇಲ್ಲದೆ ಕೂರಿಸಿಕೊಂಡರೆ ಅಪರಾಧ ಅಂತ ಯಾವ ಕಾನೂನೂ ಹೇಳುವುದಿಲ್ಲ. ಆಧಾರ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ತಪ್ಪಬಾರದು ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಯಲ್ಲಿ ಪ್ರವೇಶ ನಿರಾಕರಿಸುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾನೂನಿನಲ್ಲೇ ಇದೆ. ನೀವು ಬರೆದಿಡಬೇಕಾದ್ದು ಇಷ್ಟು: ಮಗುವಿನ ಹೆಸರು, ಅವ್ವನ ಹೆಸರು, ಅವ್ವನ ಮತ್ತು ಮೇಸ್ತ್ರಿಯ ಫೋನ್ ನಂಬರ್, ಮಗುವನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಬಾರದು. ಕೊನೆಯದು ತುಂಬಾ ಮುಖ್ಯ. ಉಳಿದದ್ದು ನಿಧಾನಕ್ಕೆ ಬರಲಿ. ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ 1965ರಿಂದ ನಡೆಯುತ್ತಿರುವ ಹೆಡ್ ಸ್ಟಾರ್ಟ್ ಕಾರ್ಯಕ್ರಮದಲ್ಲೂ ಇದೇ ರೂಢಿ. ಮನೆ ಇಲ್ಲದ ಮಗು ಮೊದಲು ಒಳಗೆ, ಲಸಿಕೆಯ ಕಾಗದ ಆಮೇಲೆ. ಇಂಥ ಮಕ್ಕಳಿಗಾಗಿ ಅಲ್ಲಿ ಶೇ. 3ರವರೆಗೆ ಸೀಟುಗಳನ್ನು ಖಾಲಿ ಇಟ್ಟುಕೊಳ್ಳಬಹುದು. ನಿಮಗೆ ಎರಡು ಸೀಟು ಹಾಗೆ ಇಡಲು ಆಗುತ್ತದಾ ಯೋಚಿಸಿ. ಯಾಕೆಂದರೆ ಈ ಕುಟುಂಬಗಳು ಜೂನ್‌ನಲ್ಲಿ ಬಂದು ಅಡ್ಮಿಷನ್ ಕೇಳುವುದಿಲ್ಲ, ನವೆಂಬರ್‌ನಲ್ಲಿ ಒಂದು ರಾತ್ರಿ ಸೋಲಾಪುರದ ಕಡೆಯ ರೈಲಿನಿಂದ ಇಳಿಯುತ್ತಾರೆ.

ನೀವು ಒಬ್ಬರೇ ಇದನ್ನೆಲ್ಲ ಹೊರಬೇಕಿಲ್ಲ. ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಅಂಗನವಾಡಿಯಿಂದ ಉಚಿತ ಆಹಾರ ಸಿಗಬೇಕು ಅಂತ 2013ರ ಆಹಾರ ಭದ್ರತಾ ಕಾನೂನು ಹೇಳುತ್ತದೆ. ಗರ್ಭಿಣಿಗೆ ಮತ್ತು ಹೆರಿಗೆಯಾಗಿ ಆರು ತಿಂಗಳವರೆಗೆ ತಾಯಿಗೂ ಸಿಗಬೇಕು. ಸ್ವಂತ ಮನೆ ಇರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಕೊಳೆಗೇರಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ತೆರೆಯಬೇಕು ಅಂತ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲೇ ಆದೇಶ ಕೊಟ್ಟಿದೆ. ನಿಮ್ಮಲ್ಲಿರುವುದು 14 ಮಕ್ಕಳು, ಹಾಗಾಗಿ ಹೊಸದು ಕೇಳುವ ಬದಲು ಹತ್ತಿರದ ಅಂಗನವಾಡಿಯಲ್ಲಿ ಹೆಸರು ಹತ್ತಿಸುವುದೇ ಸುಲಭ. ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್‌ನಲ್ಲಿ ಊರಿನ ಅಂಗನವಾಡಿಯಿಂದ ಇಲ್ಲಿಗೆ ಹೆಸರು ವರ್ಗ ಮಾಡಲು ಅವಕಾಶ ಇದೆ. ಮಗುವಿನ ಆಧಾರ್ ಕಡ್ಡಾಯ ಅಲ್ಲ, ತಾಯಿಯದ್ದು ಇದ್ದರೆ ನಡೆಯುತ್ತದೆ.

ಅಂಗನವಾಡಿ ಸೇವಿಕೆಯ ಹತ್ತಿರ ಹೋಗುವಾಗ ದಯವಿಟ್ಟು ದೂರು ಹೇಳುವ ದನಿಯಲ್ಲಿ ಹೋಗಬೇಡಿ. ಅವಳಿಗೆ ಮೊದಲೇ ಕೈ ತುಂಬ ಕೆಲಸ. ಸರ್ವೆಗೆ ಹೋದರೆ ಮನೆ ನಂಬರ್ ಕೇಳುವ ಫಾರ್ಮ್, ಸೇತುವೆಗೆ ನಂಬರ್ ಎಲ್ಲಿಂದ ತರಬೇಕು? ನೀವೇ 14 ಮಕ್ಕಳ ಪಟ್ಟಿ ಮಾಡಿ ಕೊಡಿ, ಕನ್ನಡ ಮರಾಠಿ ನಡುವೆ ಮಾತು ದಾಟಿಸಿ, ತೂಕ ಮಾಡುವ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ಅವಳು ನಿಮ್ಮ ಪರ ನಿಲ್ಲುತ್ತಾಳೆ. ಒಂದು ಮಾತು ಮಾತ್ರ ನೆನಪಿಡಿ. ಮೂರು ವರ್ಷದ ಕೆಳಗಿನವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಕೊಡುತ್ತಾರೆ. ಮೂರು ಕಲ್ಲಿಟ್ಟು, ಸಿಕ್ಕ ಪುಳ್ಳೆಯಲ್ಲಿ ದಿನಕ್ಕೊಮ್ಮೆ ಅಡುಗೆ ಮಾಡುವವಳು ಕೂಸಿಗಾಗಿ ನಾಲ್ಕು ಸಲ ಒಲೆ ಹಚ್ಚಲಾರಳು. ಪೊಟ್ಟಣವನ್ನು ನಿಮ್ಮ ಬಾಲವಾಡಿಯಲ್ಲಿ ಇಟ್ಟುಕೊಂಡು ಅಲ್ಲೇ ಬೇಯಿಸಿ ತಿನ್ನಿಸಿದರೆ ಅದು ನಿಜವಾಗಿ ಮಗುವಿನ ಹೊಟ್ಟೆಗೆ ಹೋಗುತ್ತದೆ.

ದೊಡ್ಡವರ ರೇಷನ್‌ಗೆ ಕರ್ನಾಟಕದ ಕಾರ್ಡ್ ಪುಣೆಯಲ್ಲೂ ನಡೆಯುತ್ತದೆ. ಎಲ್ಲ ರಾಜ್ಯಗಳೂ 2022ರಿಂದ ಈ ವ್ಯವಸ್ಥೆಗೆ ಸೇರಿವೆ. ಸ್ವಲ್ಪ ಧಾನ್ಯ ಇಲ್ಲಿ, ಉಳಿದದ್ದು ಊರಲ್ಲಿರುವ ಅತ್ತೆ ಮಾವ ಅಲ್ಲಿ ಎತ್ತಿಕೊಳ್ಳಬಹುದು. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ ಅಕ್ಕಿ ಕೊಳ್ಳುವವರು ಬೇಕಾದಷ್ಟಿದ್ದಾರೆ.

ಲಸಿಕೆಗೂ ವಿಳಾಸ ಬೇಕಿಲ್ಲ, ಪಾಲಿಕೆಯ ಯಾವ ದವಾಖಾನೆಯಲ್ಲಾದರೂ ಹಾಕುತ್ತಾರೆ. ಎಷ್ಟೋ ತಾಯಂದಿರು ‘ನಡುವೆ ತಪ್ಪಿಹೋಗಿದೆ, ಈಗ ಹೋದರೆ ಬೈತಾರೆ’ ಅಂತ ಹೋಗುವುದೇ ಇಲ್ಲ. ತಪ್ಪಿದ ಲಸಿಕೆಯನ್ನು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ, ಮೊದಲಿನಿಂದ ಶುರು ಮಾಡುವುದಿಲ್ಲ. ಊರಿನ ತಾಯಿ ಕಾರ್ಡ್ ಇದ್ದರೆ ಅದನ್ನು ತರಲು ಹೇಳಿ. ಗರ್ಭಿಣಿ ಇದ್ದರೆ ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ, ಜನನ ಪತ್ರ ಕೈಗೆ ಬಂದ ಮೇಲೆಯೇ ಊರಿಗೆ ಹೋಗಲಿ. 21 ದಿನದೊಳಗೆ ನೋಂದಣಿ ಉಚಿತ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ, ಅದಕ್ಕಾಗಿ ಅಲೆಯುವ ದಿನಗಳ ಕೂಲಿ ಯಾರು ಕೊಡುತ್ತಾರೆ?

ತೋಳಿನ ಸುತ್ತಳತೆ ನೋಡುವ ಟೇಪ್ ಒಂದನ್ನು ಸೇವಿಕೆಯ ಹತ್ತಿರ ಕೇಳಿ ಇಟ್ಟುಕೊಳ್ಳಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ, ಇಲ್ಲ ಎರಡೂ ಪಾದ ಊದಿದ್ದರೆ, ಕಾಯಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

1098ರ ಬಗ್ಗೆ ನೀವು ಕೇಳಿದ್ದು ಕಷ್ಟದ ಪ್ರಶ್ನೆ. ಮನೆ ಇಲ್ಲದ ಮಗುವೂ ‘ಆರೈಕೆ ಮತ್ತು ರಕ್ಷಣೆ ಬೇಕಾದ ಮಗು’ ಆಗಬಹುದು ಅಂತ 2015ರ ಬಾಲ ನ್ಯಾಯ ಕಾನೂನಿನಲ್ಲಿ ಇದೆ. ತಾಯಂದಿರ ಭಯ ಬರೀ ಕಲ್ಪನೆ ಅಲ್ಲ. ಆದರೆ ಅದೇ ಕಾನೂನು, ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಅಂತಲೂ ಹೇಳುತ್ತದೆ. ಅಪ್ಪ ಅವ್ವನ ಜೊತೆ ಇರುವ ಮಗುವನ್ನು ಬಡತನ ಒಂದೇ ಕಾರಣಕ್ಕೆ ಬೇರೆ ಮಾಡುವುದು ಸರಿಯಲ್ಲ, ಬಾಲವಾಡಿಗೆ ಬರುತ್ತಿಲ್ಲ ಅಂತ ಆ ನಂಬರ್ ಒತ್ತುವುದೂ ಸರಿಯಲ್ಲ. ಯಾವಾಗ ಒತ್ತಲೇಬೇಕು? ಮಗು ಒಂಟಿಯಾಗಿ ಸಿಕ್ಕಿದ್ದರೆ. ಹೊಡೆತದ ಗುರುತು ಮತ್ತೆ ಮತ್ತೆ ಕಂಡರೆ. ಕೂಸು ಹಗಲಿಡೀ ಏಳದೆ ಮಂಪರಿನಲ್ಲಿದ್ದು ಯಾರೋ ಅದನ್ನು ಹೊತ್ತು ಸಿಗ್ನಲ್‌ನಲ್ಲಿ ನಿಂತಿದ್ದರೆ. ಕರೆದುಕೊಂಡು ಬಂದವರು ಮಗುವಿನ ಸಂಬಂಧಿಕರೇ ಅಂತ ಅನುಮಾನ ಬಂದರೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ನಿಮಗೆ ಆಯ್ಕೆಯೇ ಇಲ್ಲ. 2012ರ ಪೋಕ್ಸೋ ಕಾನೂನಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಗೆರೆ ಎಲ್ಲಿದೆ ಅಂತ ತಾಯಂದಿರಿಗೂ ಮೊದಲೇ ಹೇಳಿಬಿಡಿ. ನಾನು ಹೀಗೆ ಹೇಳುತ್ತಿದ್ದೆ: “ನೀವು ಬಡವರು ಅಂತ ನಾ ಯಾರಿಗೂ ಫೋನ್ ಮಾಡಂಗಿಲ್ಲ. ಕೂಸಿಗೆ ಯಾರರೆ ಕೈ ಹಚ್ಚಿದ್ರ ಮಾತ್ರ ಸುಮ್ನ ಕೂಡಂಗಿಲ್ಲ.” ಒಬ್ಬಳೂ ತಪ್ಪು ತಿಳಿದುಕೊಳ್ಳಲಿಲ್ಲ.

ಹೇನು, ಕಜ್ಜಿ ಬಗ್ಗೆ ಗೊಣಗುವ ಪಾಲಕರನ್ನು ಬೈಯಬೇಡಿ, ಅವರ ಮಕ್ಕಳ ಚಿಂತೆ ಅವರಿಗೆ. ಹೇನು ಎಲ್ಲ ಶಾಲೆಯಲ್ಲೂ ಇದೆ. ಶನಿವಾರ ಎಲ್ಲ ಮಕ್ಕಳ ತಲೆಗೂ ಹಣಿಗೆ ಹಾಕಿ, ಟೀಚರ್ ಮಗಳಿಗೂ ಹಾಕಿ. ಕಜ್ಜಿಗೆ ಡಾಕ್ಟರ್ ಕೊಟ್ಟ ಮುಲಾಮನ್ನು ಇಡೀ ಕುಟುಂಬ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆ ಬಿಸಿ ನೀರಿನಲ್ಲಿ ಒಗೆಯಬೇಕು. ಮಗುವಿಗೆ ಮಾತ್ರ ಹಚ್ಚಿದರೆ ವಾರದಲ್ಲಿ ಮತ್ತೆ ಬರುತ್ತದೆ. ಫುಟ್‌ಪಾತಿನವರಿಗೆ ಸ್ನಾನ ಅಂದರೆ ದುಡ್ಡು. ಮಗುವನ್ನು ನೀವು ಹಿಡಿದು ತೊಳೆಯುವ ಬದಲು, ವಾರಕ್ಕೊಂದು ದಿನ ಎರಡು ಬಕೆಟ್ ಬಿಸಿ ನೀರು, ಸೋಪು, ಬಾಗಿಲು ಮುಚ್ಚಿಕೊಳ್ಳುವ ಒಂದು ಜಾಗವನ್ನು ತಾಯಿಗೇ ಕೊಡಿ. ತನ್ನ ಕೂಸಿಗೆ ಎರೆಯುವುದು ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ದಾರಿ ಯಾವುದು? ನೀವೇ ಅಲ್ಲಿಗೆ ಹೋಗಿ ಚಾಪೆ ಹಾಸುವುದು ಒಂದು. ಸಂಜೆ ಏಳರಿಂದ ಎಂಟೂವರೆ, ಹಾಡು, ಕಥೆ, ಒಂದು ಮೊಟ್ಟೆ. ಖರ್ಚು ಕಡಿಮೆ, ತಾಯಂದಿರ ಕಣ್ಣೆದುರೇ ನಡೆಯುವುದರಿಂದ ಭಯ ಬೇಗ ಹೋಗುತ್ತದೆ. ಆದರೆ ಎರಡೂ ಕಡೆ ವಾಹನ, ಹೊಗೆ, ಕತ್ತಲು. ಇನ್ನೊಂದು ಅಪಾಯ ಹೊರಗಿನವರಿಗೆ ಹೊಳೆಯುವುದಿಲ್ಲ. ಅಲ್ಲಿ ದೀಪ ಹಚ್ಚಿ ಚಾಪೆ ಹಾಸಿ ಜನ ಸೇರಿಸಿದರೆ ಆ ಜಾಗ ಎದ್ದು ಕಾಣುತ್ತದೆ, ಎದ್ದು ಕಂಡರೆ ತೆರವು ಬೇಗ ಬರುತ್ತದೆ. ನಮ್ಮಿಂದಲೇ ಒಂದು ಗುಂಪಿಗೆ ಹಾಗಾಗಿತ್ತು. ಆ ನೋವು ನನಗಿನ್ನೂ ಇದೆ. ಹಾಗಾಗಿ ನಾನು ಇದನ್ನು ಪರಿಚಯ ಆಗುವವರೆಗೆ, ಒಂದು ತಿಂಗಳ ಮಟ್ಟಿಗೆ ಮಾತ್ರ ಒಪ್ಪುತ್ತೇನೆ.

ಬಾಲವಾಡಿಯನ್ನೇ ಇಡೀ ದಿನಕ್ಕೆ ಬದಲಿಸುವುದು ಇನ್ನೊಂದು. ಬೆಳಿಗ್ಗೆ ಏಳೂವರೆಯಿಂದ ಸಂಜೆ ಏಳು. ನನ್ನ ಮನಸ್ಸು ಇದರ ಕಡೆಗೇ. ಈ ದಾರಿ ಹೊಸದಲ್ಲ. 1969ರಲ್ಲಿ ದೆಹಲಿಯ ರಾಜಘಾಟ್ ಹತ್ತಿರ ಗಾಂಧಿ ಶತಮಾನೋತ್ಸವದ ಕಟ್ಟಡದ ಕೆಲಸ ನಡೆಯುತ್ತಿದ್ದಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ನೋಡಿ ಮೀರಾ ಮಹಾದೇವನ್ ಒಂದು ಡೇರೆ ಹಾಕಿಸಿದರು. ಕೆಲಸದ ಜಾಗದಲ್ಲೇ ಕೂಸುಗಳನ್ನು ನೋಡಿಕೊಳ್ಳುವ ಮೊಬೈಲ್ ಕ್ರೆಶಸ್ ಸಂಸ್ಥೆ ಶುರುವಾಗಿದ್ದು ಹಾಗೆ. ಆಮೇಲೆ ಮುಂಬೈ, ಪುಣೆಗೂ ಬಂತು. ತಾಯಿಯ ಕೆಲಸದ ಹೊತ್ತೇ ಕ್ರೆಶ್‌ನ ಹೊತ್ತು ಅನ್ನುವುದು ಅವರು ಮೊದಲ ದಿನದಿಂದ ಹಿಡಿದ ದಾರಿ. ಪುಣೆಯಲ್ಲಿ ಈಗ ತಾರಾ ಮೊಬೈಲ್ ಕ್ರೆಶಸ್, ಡೋರ್ ಸ್ಟೆಪ್ ಸ್ಕೂಲ್ ಅನ್ನುವ ಸಂಸ್ಥೆಗಳು ಇಂಥ ಮಕ್ಕಳ ಜೊತೆ ಕೆಲಸ ಮಾಡುತ್ತಿವೆ. ಹೋಗಿ ಒಂದು ದಿನ ಕೂತು ನೋಡಿ. ಅಪಾಯ ಇಲ್ಲೂ ಇದೆ. ಖರ್ಚು ಎರಡು ಮೂರು ಪಟ್ಟು ಆಗುತ್ತದೆ, ನಾಲ್ಕು ಜನರಲ್ಲಿ ಇಬ್ಬರಿಗೆ ಸಾಕಾಗಿ ಹೋಗಬಹುದು. ಸರಿಯಾದ ಕೈಗಳಿಲ್ಲದೆ ಕೂಸುಗಳನ್ನು ತುಂಬಿಕೊಂಡರೆ ಅನಾಹುತ ಆಗುತ್ತದೆ. ಅದಕ್ಕೇ 14 ಮಕ್ಕಳನ್ನೂ ಒಟ್ಟಿಗೆ ಕರೆಯಬೇಡಿ. ಕಂಕುಳಲ್ಲಿ ಕೂಸಿರುವ ಹುಡುಗಿಯರು, ಗಂಟು ಕಾಯುವ ಮಕ್ಕಳು, ಇವರಲ್ಲಿ ಆರು ಜನರಿಂದ ಶುರು ಮಾಡಿ. ಬೆಳಿಗ್ಗೆ ಏಳಕ್ಕೆ ನಿಮ್ಮಲ್ಲೊಬ್ಬರು ಸೇತುವೆ ಹತ್ತಿರ ಹೋಗಿ ಕರೆದುಕೊಂಡು ಬನ್ನಿ. ಅದೇ ಮುಖ, ಪ್ರತಿದಿನ. ಮುಖ ಬದಲಾದರೆ ಮಗುವನ್ನು ಕೊಡುವುದಿಲ್ಲ, ಕೊಡಲೂಬಾರದು.

ಮನೆ ಇಲ್ಲದ ಕುಟುಂಬಗಳಿಗೆ ರಾತ್ರಿ ತಂಗುವ ಆಶ್ರಯ ಇದೆಯಲ್ಲ, ಅಲ್ಲಿಗೆ ಹೋಗಲಿ ಅಂತ ಯಾರಾದರೂ ಹೇಳಬಹುದು. ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯ ಇರಬೇಕು ಅನ್ನುವುದು ಸರ್ಕಾರದ್ದೇ ಲೆಕ್ಕ. ಆದರೆ ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ, ನಾಕಾ ಮೂರು ಕಿಲೋಮೀಟರ್ ದೂರ ಅಂದರೆ ಅವರು ಹೋಗುವುದಿಲ್ಲ. ಕುಟುಂಬ ಒಟ್ಟಿಗೆ ಇರಬಹುದಾದ ಜಾಗ ಹತ್ತಿರದಲ್ಲಿದ್ದರೆ ಮಾತ್ರ ಆ ಮಾತೆತ್ತಿ.

ಮೂರು ತಿಂಗಳ ಪ್ರಶ್ನೆಗೆ ಒಂದು ಹುಡುಗಿಯ ವಿಷಯ ಹೇಳುತ್ತೇನೆ. ನಾಲ್ಕೂವರೆ ವರ್ಷ. ಮೊದಲ ದಿನ ಚಪ್ಪಲಿ ಬಿಡಲಿಲ್ಲ. ಟೀಚರ್ ಒತ್ತಾಯ ಮಾಡಿದಾಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಒಂದು ಕೈಯಲ್ಲಿ ಉಂಡಳು, ಒಂದು ಕೈಯಲ್ಲಿ ಬಣ್ಣ ಹಚ್ಚಿದಳು, ಮಲಗುವಾಗ ತಲೆಯ ಕೆಳಗಿಟ್ಟುಕೊಂಡಳು. ಫುಟ್‌ಪಾತಿನಲ್ಲಿ ಬಿಟ್ಟ ಚಪ್ಪಲಿ ಬೆಳಿಗ್ಗೆ ಇರುವುದಿಲ್ಲ, ಅವಳಿಗೆ ಅದು ಗೊತ್ತು. ಅವಳು ಕೂರುವ ಚಾಪೆಗೆ ಎದುರಾಗಿ ಗೋಡೆಗೆ ಒಂದು ಮೊಳೆ ಹೊಡೆದೆವು. ಹನ್ನೊಂದನೇ ದಿನ ಅವಳೇ ಹೋಗಿ ಚಪ್ಪಲಿಯನ್ನು ಅದಕ್ಕೆ ಸಿಕ್ಕಿಸಿದಳು, ಬಂದು ಎರಡೂ ಕೈಯಲ್ಲಿ ಮಣ್ಣು ಕಲಸಿದಳು. ಅದೇ ವಾರ ‘ಒಂದು, ಎರಡು, ತೀನ್, ಚಾರ್’ ಅಂತ ಎಣಿಸಲು ಶುರು ಮಾಡಿದಳು. ಎರಡು ತಿಂಗಳಿಗೆ ಊರಿಗೆ ಹೋದಳು. ಎರಡೂ ಕೈ ಬಿಡುವಾಗಿರುವ ಎರಡು ತಿಂಗಳು ಆ ವಯಸ್ಸಿನಲ್ಲಿ ಕಡಿಮೆ ಅಲ್ಲ. ಈ ಮಕ್ಕಳ ಜೊತೆ ಕನ್ನಡದಲ್ಲೇ ಮಾತಾಡಿ, ಅವರ ಕನ್ನಡದಲ್ಲಿ. ಮರಾಠಿ ಆಟದಲ್ಲೇ ಬರುತ್ತದೆ. ಲಂಬಾಣಿ ಮಾತಾಡುವ ಮಗುವಿದ್ದರೆ ಅವರ ಅವ್ವನ ಹತ್ತಿರ ಹತ್ತು ಪದ ಕೇಳಿ ಕಲಿಯಿರಿ.

ಹೋಗುವ ದಿನಕ್ಕೂ ತಯಾರಿ ಬೇಕು. ಮುಂಗಾರು, ನಾಗರ ಪಂಚಮಿ, ಜಾತ್ರೆ, ಚುನಾವಣೆ, ಇವು ಅವರು ಊರಿಗೆ ತಿರುಗುವ ಹೊತ್ತು. ಪ್ರತಿ ಮಗುವಿಗೂ ಒಂದು ಚೀಟಿ ಮೊದಲೇ ಬರೆದಿಡಿ: ತೂಕ, ಹಾಕಿದ ಲಸಿಕೆ, ಯಾವ ಹಾಡು ಇಷ್ಟ, ನಿಮ್ಮ ಫೋನ್ ನಂಬರ್. ಎರಡು ಪ್ರತಿ ಮಾಡಿ, ಒಂದು ಪ್ಲಾಸ್ಟಿಕ್ ಹೊದಿಸಿ ಅವ್ವನ ಕೈಗೆ ಕೊಡಿ. ಊರಿನ ಅಂಗನವಾಡಿ ಟೀಚರ್‌ಗೆ ನೀವೇ ಒಂದು ಫೋನ್ ಮಾಡಿ. ಪುಣೆಯಿಂದ ಕನ್ನಡದಲ್ಲಿ ಫೋನ್ ಬಂದರೆ ಅವರಿಗೂ ಖುಷಿಯಾಗುತ್ತದೆ, ಮಗುವಿನ ಹೆಸರೂ ನೆನಪಿರುತ್ತದೆ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ರಕ್ಷಣೆ ಬೇಕಾದ ಮಗುವಿನ ಗುರುತನ್ನು ಹೊರಗೆ ಹಾಕುವುದು ಬಾಲ ನ್ಯಾಯ ಕಾನೂನಿನಲ್ಲೂ ತಪ್ಪು. ಹುಟ್ಟುಹಬ್ಬಕ್ಕೆ ಕಾರಿನಲ್ಲಿ ಬಂದು ಕೇಕ್ ಹಂಚುವವರಿಗೆ, ಅದೇ ದುಡ್ಡಿನಲ್ಲಿ ಒಂದು ತಿಂಗಳ ಮೊಟ್ಟೆ ಕೊಡಿಸಿ ಅಂತ ಹೇಳಿ.

ಮುಂದಿನ ಸಲ ನಾಲ್ಕೂ ಜನ ಹೋಗಬೇಡಿ, ಇಬ್ಬರು ಸಾಕು. ಪುಸ್ತಕ ಬೇಡ. ನಮ್ಮ ಕಡೆಯವರು ಅಮಾವಾಸ್ಯೆ ದಿನ ಕೆಲಸಕ್ಕೆ ಹೋಗುವುದು ಕಡಿಮೆ. ಅವತ್ತು ಹನ್ನೊಂದರ ಹೊತ್ತಿಗೆ ಹೋಗಿ, ಅವ್ವಂದಿರು ಅಲ್ಲೇ ಇರುತ್ತಾರೆ. ಮಕ್ಕಳ ಮಾತು ಎತ್ತುವ ಮೊದಲು ಊರು ಯಾವುದು, ಈ ಸಲ ತೊಗರಿ ಹೇಗೆ ಬಂತು ಅಂತ ಕೇಳಿ. ಚಹಾ ಕೊಟ್ಟರೆ ಕುಡಿಯಿರಿ. ಆಮೇಲೆ ಗಂಟು ಎಲ್ಲಿ ಇಡುತ್ತೀರಿ ಅಂತ ಕೇಳಿ, ಟ್ರಂಕ್ ವಿಷಯ ಹೇಳಿ.